ಓಡಿ ಅಭ್ಯಾಸವೇ ಇಲ್ಲದವರು ಓಡಲು ಕಲಿಯುವುದು ಹೇಗೆ: ಕಾರವಾರದ ಮರಳಿನಲ್ಲಿ ಮೊದಲ 14 ವಾರ

ನನಗೆ ಈಗ 46 ವರ್ಷ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮೂರು ವರ್ಷದ ಹಿಂದೆ ಮೇಲಿನ ಮಹಡಿಯ ತರಗತಿಗೆ ಹತ್ತಿ ಹೋದರೆ ಹಾಜರಿ ಕರೆಯಲು ಉಸಿರು ಸಾಲುತ್ತಿರಲಿಲ್ಲ. ಮೇಜು ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲಬೇಕಾಗುತ್ತಿತ್ತು. ಈಗ ವಾರಕ್ಕೆ ಮೂರು ದಿನ, ಅರ್ಧ ತಾಸು, ಎಲ್ಲೂ ನಿಲ್ಲದೆ ಓಡುತ್ತೇನೆ. ಓಡುವುದು ನಿಧಾನವಾಗಿಯೇ. ಚುರುಕಾಗಿ ನಡೆಯುವವರು ಕೆಲವೊಮ್ಮೆ ನನ್ನ ಪಕ್ಕದಲ್ಲೇ ಬರುತ್ತಾರೆ.

ಈ ನಿಧಾನ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನಿಮಗೆ ಅಷ್ಟು ಬೇಕಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಓಡಲು ಶುರು ಮಾಡಿದವರಲ್ಲಿ ಬಹಳ ಜನ ತಿಂಗಳೊಳಗೆ ಬಿಟ್ಟುಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ ಅದಕ್ಕೆ ಸೋಮಾರಿತನ ಕಾರಣವಲ್ಲ. ಮೊದಲ ದಿನವೇ ಜೋರಾಗಿ ಓಡಿರುತ್ತಾರೆ, ಅಷ್ಟೇ.

ಮೊದಲು ಡಾಕ್ಟರ್

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದವರು, 40 ದಾಟಿ ವರ್ಷಗಟ್ಟಲೆ ಕೂತೇ ಕೆಲಸ ಮಾಡಿದವರು ಒಮ್ಮೆ ತೋರಿಸಿಕೊಂಡೇ ಶುರು ಮಾಡಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಓಡುವ ದಿನ ಏನು ತಿನ್ನಬೇಕು, ಔಷಧಿ ಯಾವಾಗ ಅಂತ ಕೇಳಿಕೊಳ್ಳಿ. ಜೇಬಿನಲ್ಲಿ ಒಂದು ಬೆಲ್ಲದ ಚೂರು ಇರಲಿ. ಓಡುವಾಗ ಎದೆ ಹಿಂಡಿದಂತಾದರೆ, ನೋವು ಎಡಗೈಗೆ ಅಥವಾ ದವಡೆಗೆ ಹರಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂತು 108ಕ್ಕೆ ಕರೆ ಮಾಡಿ. ಇದರಲ್ಲಿ ಧೈರ್ಯ ತೋರಿಸಬೇಡಿ.

ಶೂ

ಖರ್ಚು ಮಾಡಬೇಕಾದ್ದು ಇದೊಂದಕ್ಕೆ. ದುಬಾರಿ ಮಾದರಿಯೇ ಬೇಕೆಂದಿಲ್ಲ, ಓಟಕ್ಕೆಂದೇ ಮಾಡಿದ ಶೂ ಆದರೆ ಸಾಕು. ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ನನಗೆ ಅಂಗಡಿಯವರು "ಹಾಕ್ತಾ ಹಾಕ್ತಾ ಸಡಿಲ ಆಗ್ತದೆ" ಅಂತ ಒಂದು ಬಿಗಿ ಜೋಡಿ ಕೊಟ್ಟರು. ಸಡಿಲ ಆಗಲಿಲ್ಲ. ಎರಡು ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಅಂಗಡಿಯೊಳಗೆ ನಾಲ್ಕು ಹೆಜ್ಜೆ ಓಡಿ ನೋಡಲು ಸಂಕೋಚ ಬೇಡ.

ಬಟ್ಟೆ ಹತ್ತಿಯದ್ದು ಬೇಡ. ನಮ್ಮ ಕರಾವಳಿಯ ಹವೆಯಲ್ಲಿ ಹತ್ತಿ ಬನಿಯನ್ ಒದ್ದೆಯಾದರೆ ಒದ್ದೆಯಾಗಿಯೇ ಇರುತ್ತದೆ, ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತದೆ. ಬೇಗ ಆರುವ ತೆಳು ಪಾಲಿಯೆಸ್ಟರ್ ಒಳ್ಳೆಯದು. ತೊಡೆ ಸಂದಿ, ಕಂಕುಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೊರಡಿ. ಹೆಂಗಸರಿಗೆ ಸ್ಪೋರ್ಟ್ಸ್ ಬ್ರಾ ಶೂ ಎಷ್ಟು ಮುಖ್ಯವೋ ಅಷ್ಟೇ ಮುಖ್ಯ.

ಎಷ್ಟು ನಿಧಾನ ಅಂದರೆ

ಓಡುತ್ತಾ ಎಂಟರ ಮಗ್ಗಿ ಹೇಳಿ. ಬಾಯಿ ಬಿಟ್ಟು, ಕೇಳುವ ಹಾಗೆ. ಎಂಟೊಂದ್ಲ ಎಂಟು, ಎಂಟೆರಡ್ಲ ಹದಿನಾರು, ಎಂಟ್ಮೂರ್ಲ ಇಪ್ಪತ್ನಾಲ್ಕು. ಎರಡು ಸಾಲು ಒಂದೇ ಉಸಿರಿನಲ್ಲಿ ಬಂತಾ? ಹಾಗಾದರೆ ವೇಗ ಸರಿ ಇದೆ. ಒಂದು ಸಾಲಿನ ನಡುವೆಯೇ ಉಸಿರು ತುಂಡಾದರೆ ಜಾಸ್ತಿ ಆಯಿತು, ಇಳಿಸಿ. ಇನ್ನೂ ಇಳಿಸಿದರೆ ನಡಿಗೆಯೇ ಆಗುತ್ತದೆ ಅನಿಸಿದರೆ ನಡೆಯಿರಿ. ಅದರಲ್ಲಿ ಸೋಲೇನಿಲ್ಲ. ನಿಮ್ಮ ಈಗಿನ ವೇಗ ಅದು, ಅಷ್ಟೇ.

ವಾಚು, ಆ್ಯಪು ಏನೂ ಬೇಡ. ಮೊದಲ ಮೂರು ತಿಂಗಳು ಎಷ್ಟು ಕಿಲೋಮೀಟರ್ ಅಂತ ಅಳೆಯಲೇಬೇಡಿ, ನಿಮಿಷ ಮಾತ್ರ ಎಣಿಸಿ. ಕಿಲೋಮೀಟರ್ ಎಣಿಸಿದರೆ ಬೇಗ ಮುಗಿಸುವ ಆಸೆ ಹುಟ್ಟುತ್ತದೆ. 30 ನಿಮಿಷ ಜೋರಾಗಿ ಓಡಿದರೂ, ನಿಧಾನ ಓಡಿದರೂ 30 ನಿಮಿಷವೇ.

ಓಡುವ ರೀತಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೆಜ್ಜೆ ಚಿಕ್ಕದಿರಲಿ. ಪಾದ ಮೈಯ ಕೆಳಗೇ ಬೀಳಲಿ, ಮುಂದೆ ಚಾಚಿ ಹಿಮ್ಮಡಿಯಿಂದ ಗುದ್ದಬೇಡಿ. ಕಣ್ಣು ಮುಂದಿರಲಿ. ಮುಷ್ಟಿಯೊಳಗೆ ನಾಲ್ಕು ಸುರಗಿ ಹೂವು ಇದೆ ಅಂದುಕೊಳ್ಳಿ, ಬಾಡದ ಹಾಗೆ ಹಿಡಿಯಬೇಕು. ಕೈ ಸಡಿಲವಾದರೆ ಹೆಗಲು ತಾನೇ ಇಳಿಯುತ್ತದೆ.

ವಾರದ ಲೆಕ್ಕ

ಓಡದವರಿಗೆ ಓಟ ಕಲಿಸುವ ಕ್ರಮಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಮಾಡಿದ್ದು. 9 ವಾರ, ವಾರಕ್ಕೆ 3 ದಿನ, ಓಟ-ನಡಿಗೆ ಬೆರೆಸಿ ಕೊನೆಗೆ 5 ಕಿಲೋಮೀಟರ್. ಒಳ್ಳೆಯ ಕ್ರಮ. ಆದರೆ ಪೂರ್ತಿ ಅಭ್ಯಾಸ ತಪ್ಪಿದವರಿಗೆ, ಅದರಲ್ಲೂ ನಮ್ಮ ಸೆಕೆಯಲ್ಲಿ, 9 ವಾರ ಅವಸರ ಅನಿಸುತ್ತದೆ. ನಾನು 14 ವಾರಕ್ಕೆ ಹಿಗ್ಗಿಸಿಕೊಂಡೆ.

ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಬಿಡುವು. ಸೋಮವಾರ, ಬುಧವಾರ, ಶನಿವಾರ ಅಂತಿಟ್ಟುಕೊಳ್ಳಿ. ಪ್ರತಿ ಸಲ ಮೊದಲ 5 ನಿಮಿಷ ಮತ್ತು ಕೊನೆಯ 5 ನಿಮಿಷ ನಡಿಗೆ. ಕೆಳಗೆ ಹೇಳಿರುವುದು ನಡುವಿನ ಹೊತ್ತಿನ ಲೆಕ್ಕ.

1 ಮತ್ತು 2ನೇ ವಾರ ಓಟವೇ ಇಲ್ಲ. ಅರ್ಧ ತಾಸು ಚುರುಕು ನಡಿಗೆ. ಇದನ್ನು ಹಾರಿಸಬೇಡಿ. ಹೊತ್ತಿಗೆ ಸರಿಯಾಗಿ ಏಳುವುದು, ಹೊರಡುವುದು ರೂಢಿಯಾಗುವುದೇ ಇಲ್ಲಿ.

3 ಮತ್ತು 4ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 8 ಸಲ.

5 ಮತ್ತು 6: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ. 7 ಮತ್ತು 8: 3 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ. 9 ಮತ್ತು 10: 5 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ.

11ನೇ ವಾರ 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ. 12ರಲ್ಲಿ 12 ನಿಮಿಷದಂತೆ ಎರಡು ಸಲ, ನಡುವೆ 2 ನಿಮಿಷ ನಡಿಗೆ. 13ರಲ್ಲಿ 25 ನಿಮಿಷ ಒಂದೇ ಓಟ. 14ರಲ್ಲಿ 30.

ಒಂದು ಹಂತ ಕಷ್ಟ ಆದರೆ ಅದನ್ನೇ ಇನ್ನೊಂದು ವಾರ ಮಾಡಿ. ನಾನು 5 ನಿಮಿಷದ ಹಂತದಲ್ಲಿ ನಾಲ್ಕು ವಾರ ನಿಂತಿದ್ದೆ. ಸುಲಭ ಆಯಿತು ಅಂತ ಮುಂದಿನದಕ್ಕೆ ಹಾರುವುದು ಮಾತ್ರ ಬೇಡವೇ ಬೇಡ. ಯಾಕೆ ಅಂತ ಈಗ ಹೇಳುತ್ತೇನೆ. ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ.

ಉಸಿರು ಬೇಗ, ಮೂಳೆ ತಡ

ಓಡಲು ಶುರು ಮಾಡಿ ಮೂರು-ನಾಲ್ಕು ವಾರಕ್ಕೆ ಉಸಿರಾಟ ಸುಧಾರಿಸುತ್ತದೆ. ಮೈಯಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ. ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತದೆ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದಕ್ಕೆ ರಕ್ತ ಹರಿಯುವುದೇ ಕಡಿಮೆ. ಮೂಳೆಯದ್ದು ಇನ್ನೂ ಬೇರೆ ಕಥೆ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಸ್ವಲ್ಪ ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸುವುದಕ್ಕೆ ಕೆಲವು ವಾರ, ಕಟ್ಟುವುದಕ್ಕೆ ತಿಂಗಳುಗಳು. ಅಂದರೆ ನಿಮಗೆ "ಇನ್ನು ಎಷ್ಟು ಬೇಕಾದರೂ ಓಡಬಲ್ಲೆ" ಅನಿಸುವ ಹೊತ್ತಿನಲ್ಲೇ ಕಾಲಿನ ಮೂಳೆ ಸೂಕ್ಷ್ಮವಾಗಿರುತ್ತದೆ.

ನನಗಾದದ್ದು ಇದೇ. ಮೊದಲ ಸಲ ಶುರು ಮಾಡಿದಾಗ ಐದನೇ ವಾರ ಬಹಳ ಹುರುಪು ಬಂತು. ಒಂದೂ ದಿನ ಬಿಡದೆ ಐದು ದಿನ ಓಡಿದೆ. ಆರನೇ ದಿನ ಬೆಳಿಗ್ಗೆ ಬಚ್ಚಲಿನ ಮೆಟ್ಟಿಲು ಇಳಿಯುವಾಗ ಮೊಳಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ, ಚುಳ್ ಅಂತು. ಅಲ್ಲೇ ಕೂತು ಹೆಬ್ಬೆರಳಿನಿಂದ ಮೂಳೆಯ ಅಂಚನ್ನು ಒತ್ತುತ್ತಾ ಬಂದೆ. ಗೇಣುದ್ದಕ್ಕೂ ನೋವು. ಏಳು ವಾರ ಓಟ ಬಿಡಬೇಕಾಯಿತು. ಹುರುಪಿನಲ್ಲಿ ಗಳಿಸಿದ ಐದು ದಿನಕ್ಕೆ ಏಳು ವಾರ ಕೊಟ್ಟೆ.

ಹಾಗಾಗಿ ಹೆಬ್ಬೆರಳಿನ ಪರೀಕ್ಷೆ ಕಲಿತುಕೊಳ್ಳಿ. ನನ್ನ ಹಾಗೆ ಉದ್ದಕ್ಕೆ ಹರಡಿದ ನೋವಾದರೆ ಹೆಚ್ಚಾಗಿ ಮೂಳೆಯ ಮೇಲ್ಪದರ, ಅಂಟಿಕೊಂಡ ಮಾಂಸಖಂಡ ಕೆರಳಿದ್ದು. ಓಟ ಬಿಟ್ಟು ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಒಂದೇ ಬಿಂದುವಿನಲ್ಲಿ, ಬೆರಳಿಟ್ಟರೆ ಹಾರಿಬೀಳುವಂಥ ನೋವಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಡಾಕ್ಟರಿಗೆ ತೋರಿಸಿ. ಮೊದಲ ದಿನಗಳ ಎಕ್ಸ್‌ರೇಯಲ್ಲಿ ಅಂಥ ಬಿರುಕು ಕಾಣದೆ ಇರುವುದೂ ಉಂಟು. ಹಾಗಾಗಿ ಏನೂ ಇಲ್ಲ ಅಂತ ಬಂದ ಮೇಲೂ ನೋವಿದ್ದರೆ ಮತ್ತೆ ಹೋಗಿ.

ತೊಡೆ, ಮೀನಖಂಡ ಬಿಗಿದುಕೊಳ್ಳುವುದು ಬೇರೆ. ಅದು ಮಾರನೇ ದಿನ ಏರಿ ಎರಡು-ಮೂರು ದಿನದಲ್ಲಿ ಹೋಗುತ್ತದೆ, ಹೆದರಬೇಕಿಲ್ಲ. ಓಡುತ್ತಾ ಹೋದಂತೆ ಕಡಿಮೆಯಾಗುವ ಬಿಗಿತಕ್ಕೆ ಅವಕಾಶ ಕೊಡಿ. ಓಡುತ್ತಾ ಹೋದಂತೆ ಹೆಚ್ಚುವ ನೋವಿಗೆ ಅಲ್ಲೇ ನಿಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ನಾರು ಎಳೆದಿದೆ ಅಂತ ಲೆಕ್ಕ, ಓಟ ಇಳಿಸಿ. ಪಕ್ಕೆ ಹಿಡಿದುಕೊಂಡರೆ ನಡೆಯುತ್ತಾ ಉದ್ದಕ್ಕೆ ಉಸಿರು ಬಿಡಿ, ಸರಿಹೋಗುತ್ತದೆ.

ಓಟವಿಲ್ಲದ ದಿನ ಕಾಲಿಗೆ ಹತ್ತು ನಿಮಿಷ ಕೊಡಿ. ಜಗುಲಿಯ ಮೆಟ್ಟಿಲಿನ ತುದಿಯಲ್ಲಿ ಬೆರಳೂರಿ ನಿಂತು ಹಿಮ್ಮಡಿ ನಿಧಾನವಾಗಿ ಎತ್ತಿ ಇಳಿಸುವುದು 15 ಸಲ, ಎರಡು ಬಾರಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು 15 ಸಲ, ಎರಡು ಬಾರಿ. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಿ. ಅಷ್ಟೇ ಸಾಕು, ಆದರೆ ತಪ್ಪಿಸಬೇಡಿ.

ಎಲ್ಲಿ ಓಡುವುದು

ಕಾರವಾರದವರಿಗೆ ಮನೆ ಬಾಗಿಲಲ್ಲೇ ಜಾಗ ಇದೆ. ರವೀಂದ್ರನಾಥ ಟಾಗೋರ್ ಕಡಲತೀರ. ತರುಣ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದುಕೊಂಡಿದ್ದಾಗ, ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮುಗಿಸಿ, ಇದೇ ದಂಡೆಯ ಮರಳಿನಲ್ಲಿ ನಡೆದು ಮನೆಗೆ ಹೋದದ್ದನ್ನು ಬರೆದುಕೊಂಡಿದ್ದಾರೆ. ನಸುಕಿನಲ್ಲಿ ಕೋಡಿಬಾಗ ಕಡೆಗೆ ಓಡುವಾಗ ನನಗೆ ಅದು ನೆನಪಾಗುತ್ತದೆ.

ಮರಳು ಎಲ್ಲ ಒಂದೇ ಅಲ್ಲ. ಮೇಲಿನ ಒಣ ಮರಳಿನಲ್ಲಿ ಹಿಮ್ಮಡಿ ಹೂತುಹೋಗುತ್ತದೆ, ಮೀನಖಂಡದ ಮೇಲೆ, ಹಿಮ್ಮಡಿಯ ಹಿಂದಿನ ರಜ್ಜುವಿನ ಮೇಲೆ ಬಹಳ ಎಳೆತ ಬೀಳುತ್ತದೆ. ಹೊಸಬರಿಗೆ ಅದು ಬೇಡ. ನೀರು ಇಳಿದ ಮೇಲೆ ಉಳಿಯುವ ಒದ್ದೆ ಗಟ್ಟಿ ಮರಳು ಬೇಕು. ಪಾದ ಇಟ್ಟರೆ ಶೂ ಗುರುತು ಮಾತ್ರ ಬೀಳಬೇಕು, ಗುಳಿ ಬೀಳಬಾರದು.

ಅದಕ್ಕೆ ಭರತ-ಇಳಿತ ಗೊತ್ತಿರಬೇಕು. ನನಗೆ ಇದನ್ನು ಹೇಳಿಕೊಟ್ಟವರು ದಂಡೆಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಒಬ್ಬ ಹಿರಿಯ ಮೀನುಗಾರರು. ನೀರು ಮೇಲಿನವರೆಗೂ ಬಂದಿತ್ತು, ನಾನು ಸಡಿಲ ಮರಳಿನಲ್ಲಿ ಒದ್ದಾಡುತ್ತಿದ್ದೆ. "ಮಾಸ್ತರೇ, ಇವತ್ತು ಅಷ್ಟಮಿ ಅಲ್ವಾ, ಬೆಳಿಗ್ಗೆ ನೀರು ಇಲ್ಲೇ ಇರ್ತದೆ. ಅಮಾಸೆ ಹತ್ರ ಬನ್ನಿ, ಆಗ ನೋಡಿ ದಂಡೆ ಎಷ್ಟು ಅಗಲ" ಅಂದರು. ಲೆಕ್ಕ ಹಾಕಿ ನೋಡಿದರೆ ಸರಿಯೇ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನಮ್ಮಲ್ಲಿ ನಸುಕಿನ ಹೊತ್ತಿಗೆ ನೀರು ಇಳಿದಿರುತ್ತದೆ, ಅದೂ ಚೆನ್ನಾಗಿ. ಅಷ್ಟಮಿಯ ಹೊತ್ತಿಗೆ ಬೆಳಿಗ್ಗೆ ಏರಿರುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರೆ ಯಾವ ವಾರ ಮರಳು, ಯಾವ ವಾರ ರಸ್ತೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ದಂಡೆ ಸಮುದ್ರದ ಕಡೆಗೆ ಇಳಿಜಾರು. ಉತ್ತರಕ್ಕೆ ಓಡುವಾಗ ಎಡಗಾಲು ತಗ್ಗಿನಲ್ಲಿ, ಬಲಗಾಲು ಎತ್ತರದಲ್ಲಿ ಬೀಳುತ್ತದೆ. ಒಂದೇ ದಿಕ್ಕಿಗೆ ಓಡಿ ಆಟೋದಲ್ಲಿ ವಾಪಸ್ ಬಂದರೆ ಮಂಡಿಯ ಹೊರಬದಿ ಹಿಡಿದುಕೊಳ್ಳುತ್ತದೆ. ಹೋದಷ್ಟೇ ದೂರ ಓಡುತ್ತಾ ಬನ್ನಿ. ಶುರುವಿನಲ್ಲಿ ಮೂರು ದಿನದಲ್ಲಿ ಒಂದು ದಿನ ಮಾತ್ರ ಮರಳಿನಲ್ಲಿ ಓಡಿ, ಉಳಿದೆರಡು ದಿನ ಮೈದಾನ ಅಥವಾ ಸಮತಟ್ಟಾದ ಒಳರಸ್ತೆ. ಬರಿಗಾಲಿನ ಆಸೆ ಇದ್ದರೆ ಮೊದಲು ನಡೆಯಿರಿ, ಚಿಪ್ಪು, ಗಾಜು, ಹಳೇ ಗಾಳ ಇರುತ್ತವೆ. ದಂಡೆಯಲ್ಲಿ ನಿಂತು ಹತ್ತಾರು ಜನ ರಾಂಪಣಿ ಎಂಬ ದೊಡ್ಡ ಮೀನಿನ ಬಲೆ ಎಳೆಯುವಾಗ ಹಗ್ಗ ದಾಟಲು ಹೋಗಬೇಡಿ. ಅದು ಜನರ ಅನ್ನ. ಹಿಂದಿನಿಂದ ಸುತ್ತಿ ಬನ್ನಿ, ಇಲ್ಲವೇ ನಾಲ್ಕು ನಿಮಿಷ ನಿಂತು ನೋಡಿ.

ಹೆದ್ದಾರಿ 66ರ ಅಂಚಿನಲ್ಲಿ ಓಡಲೇಬೇಡಿ. ಒಳರಸ್ತೆಯಲ್ಲಿ ಬಲಬದಿಗೆ ಓಡಿ, ಎದುರಿನ ವಾಹನ ಕಾಣಬೇಕು. ಕತ್ತಲಿದ್ದರೆ ಬಿಳಿ ಅಂಗಿ, ಕೈಯಲ್ಲಿ ಟಾರ್ಚ್. ನಾಯಿ ಬೊಗಳುತ್ತಾ ಬಂದರೆ ಓಟ ನಿಲ್ಲಿಸಿ, ಕಣ್ಣಿಗೆ ಕಣ್ಣು ಕೊಡದೆ ನಿಧಾನ ನಡೆಯಿರಿ. ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ನೋಡುವ ಜನರ ಬಗ್ಗೆಯೂ ಹೇಳಬೇಕು. ನಮ್ಮ ಕೇರಿಯ ಒಬ್ಬ ಅಕ್ಕ 52ನೇ ವಯಸ್ಸಿನಲ್ಲಿ ಶುರು ಮಾಡಿದರು. ಮೊದಲು ಸೀರೆಯಲ್ಲೇ ನಡಿಗೆ, ಆಮೇಲೆ ಚೂಡಿದಾರ್ ಹಾಕಿ ಓಟ, ಜೊತೆಗೆ ಇಬ್ಬರು ಗೆಳತಿಯರು. "ಜನ ನೋಡ್ತಾರೆ ಅಂತ ಒಂದು ವಾರ ನಾಚಿಕೆ ಆಯ್ತು ಮಾಸ್ತರೇ. ಆಮೇಲೆ ನೋಡೋರಿಗೇ ಅಭ್ಯಾಸ ಆಗೋಯ್ತು" ಅಂತಾರೆ. ಜೊತೆ ಸಿಕ್ಕರೆ ಬಿಡಬೇಡಿ. ಮಗ್ಗಿ ಹೇಳುವ ಬದಲು ಮಾತಾಡುತ್ತಾ ಓಡಬಹುದು.

ಶಿರಸಿ ಕಡೆಯವರಿಗೆ

ಸುಮಾರು 600 ಮೀಟರ್ ಎತ್ತರದಲ್ಲಿರುವ ನಿಮಗೆ ಸೆಕೆ ಕಡಿಮೆ, ಆದರೆ ಸಪಾಟು ನೆಲ ಸಿಗುವುದು ಕಷ್ಟ. ಏರು ಬಂದಾಗ ನಡೆಯಿರಿ, ಓಡಬೇಡಿ. ಇಳಿಜಾರು ಸುಲಭ ಅನಿಸುತ್ತದೆ, ಮೋಸ ಹೋಗಬೇಡಿ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆ ಬ್ರೇಕ್ ಹಾಕುತ್ತಿರುತ್ತದೆ, ಮಾರನೇ ದಿನ ಕೂತರೆ ಏಳಲಾಗುವುದಿಲ್ಲ. ಊರಿನ ಮೈದಾನವೇ ಮೊದಲ ಎರಡು ತಿಂಗಳಿಗೆ ಒಳ್ಳೆಯದು. ತೋಟದ ದಾರಿಯಲ್ಲಿ ಮಳೆಗಾಲದಲ್ಲಿ ಉಂಬಳ ಹತ್ತುತ್ತವೆ, ಕಾಲುಚೀಲ ಉದ್ದದ್ದಿರಲಿ. ಡಿಸೆಂಬರ್-ಜನವರಿಯ ಇಬ್ಬನಿಯಲ್ಲಿ ಮೈ ಬಿಸಿಯಾಗಲು ಹೊತ್ತು ಬೇಕು. 5ರ ಬದಲು 10 ನಿಮಿಷ ನಡೆದು ಶುರು ಮಾಡಿ.

ಬೆವರು, ನೀರು, ಊಟ

ಮೈ ತಣ್ಣಗಾಗುವುದು ಬೆವರು ಆರಿದಾಗ, ಸುರಿದಾಗ ಅಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರದೆ ಸುಮ್ನೆ ಹರಿದುಹೋಗುತ್ತದೆ. ಅದಕ್ಕೇ ಏಪ್ರಿಲ್-ಮೇಯಲ್ಲಿ ಅದೇ ವೇಗಕ್ಕೆ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ. ನಿಮ್ಮ ಶಕ್ತಿ ಕುಂದಿದೆ ಅಂತಲ್ಲ. ಮೈ ಸೆಕೆಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು, ಅಲ್ಲಿಯವರೆಗೆ ಇನ್ನೂ ನಿಧಾನ. ತಲೆ ಸುತ್ತಿದರೆ, ಸೆಕೆಯಲ್ಲೂ ಚಳಿ ಚಳಿ ಅನಿಸಿದರೆ ನೆರಳಿಗೆ ಬಂದು ತಲೆಗೆ, ಕುತ್ತಿಗೆಗೆ ನೀರು ಹಾಕಿಕೊಳ್ಳಿ. ಹೊಸದಾಗಿ ಶುರು ಮಾಡಲು ನವೆಂಬರ್ ತಿಂಗಳು ಬಹಳ ಒಳ್ಳೆಯದು. ಮಳೆ ಹೋಗಿರುತ್ತದೆ, 14 ವಾರ ಮುಗಿಯುವಾಗ ಬೇಸಿಗೆ ಇನ್ನೂ ಬಲಿತಿರುವುದಿಲ್ಲ.

ಹೊರಡುವ ಮೊದಲು ಒಂದು ಲೋಟ ನೀರು, ಹಸಿವಾದರೆ ಅರ್ಧ ಬಾಳೆಹಣ್ಣು. ಅರ್ಧ ತಾಸಿನ ಓಟಕ್ಕೆ ಬಾಟಲಿ ಹೊರಬೇಕಿಲ್ಲ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಕೋಕಂ ನೀರು, ಗಂಜಿ ತಿಳಿ ಯಾವುದಾದರೂ ಆದೀತು. ಊಟದಲ್ಲಿ ಬೇಳೆ, ಮೊಟ್ಟೆ, ಮೀನು ಚೆನ್ನಾಗಿರಲಿ. ತೂಕ ಇಳಿಸಲೆಂದೇ ಓಡುವವರಿಗೆ ಒಂದು ಲೆಕ್ಕ: 70 ಕಿಲೋ ತೂಕದವರು 3 ಕಿಲೋಮೀಟರ್ ಓಡಿದರೆ ಸುಮಾರು 210 ಕ್ಯಾಲೊರಿ. ಬರುವ ದಾರಿಯಲ್ಲಿ ಎರಡು ಬನ್ಸ್ ತಿಂದರೆ ಅದು ವಾಪಸ್ ಬಂತು. ತೂಕಕ್ಕೆ ತಟ್ಟೆಯನ್ನೇ ನೋಡಬೇಕು. ಓಟ ನಿದ್ದೆ, ಉಸಿರು, ಮನಸ್ಸಿಗೆ ಕೊಡುವುದು ಬೇರೆಯೇ.

ಮಳೆ ಶುರುವಾದ ಮೇಲೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸುರಿಯುವ ಮಳೆಗೆ ಅಂಜಿ ಓಟ ಬಿಡುವವರೇ ಜಾಸ್ತಿ. ಸಣ್ಣ ಮಳೆಯಲ್ಲಿ ಓಡುವುದು ಒಂದು ಸುಖ, ಸೆಕೆ ಇಲ್ಲ. ಆದರೆ ಕಡಲ ದಂಡೆಗೆ ಹೋಗಬೇಡಿ, ಅಲೆ ಎಲ್ಲಿಯವರೆಗೆ ಬರುತ್ತದೆ ಅಂತ ಹೇಳಲಾಗದು. ಹಾವಸೆ ಕಟ್ಟಿದ ಸಿಮೆಂಟು, ಚಿರೇಕಲ್ಲು ಬಂದರೆ ಓಡದೆ ನಡೆಯಿರಿ. ಗುಡುಗು ಕೇಳಿದರೆ ಮನೆಯೊಳಗೆ ಬನ್ನಿ, ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಡಬೇಡಿ. ಶೂ ಒದ್ದೆಯಾದರೆ ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ.

ಹೊರಗೆ ಹೋಗಲಾಗದ ದಿನ ಜಗುಲಿಯಲ್ಲೇ ನಿಂತಲ್ಲಿ ಓಡಿ, ಅದೇ ನಿಮಿಷದ ಲೆಕ್ಕದಲ್ಲಿ. ಆದರೂ ಓಟ ತಪ್ಪುತ್ತದೆ, ಮದುವೆ ಬರುತ್ತದೆ, ಜ್ವರ ಬರುತ್ತದೆ. ಒಂದು ವಾರ ತಪ್ಪಿದರೆ ಬಿಟ್ಟ ಹಂತದಿಂದಲೇ ಮುಂದುವರಿಸಿ. ಎರಡು ವಾರ ತಪ್ಪಿದರೆ ಎರಡು ವಾರ ಹಿಂದಿನ ಹಂತಕ್ಕೆ ಹೋಗಿ. ತಿಂಗಳು ದಾಟಿದರೆ 5ನೇ ವಾರದಿಂದ. ಜ್ವರ ಬಂದಿದ್ದರೆ ಪೂರ್ತಿ ಬಿಟ್ಟು, ಊಟ ರುಚಿಸಲು ಶುರುವಾದ ಮೇಲೆ ಎರಡು ದಿನ ನಡೆದು, ಆಮೇಲೆ ಓಡಿ. ಹೋದ ಸೆಪ್ಟೆಂಬರಿನಲ್ಲಿ ನಾನೂ 5ನೇ ವಾರಕ್ಕೆ ವಾಪಸ್ ಹೋಗಿದ್ದೆ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ.